ಕುಂದಾದ್ರಿಗೆ ಸೈಕಲ್ ಹತ್ತಿಸುವುದು

ಏರು ಕಲಿಯಲು ಮೊದಲು ಆಗುಂಬೆ ಘಾಟಿಗೇ ಹೋಗಿ. ಸೋಮೇಶ್ವರದಿಂದ ಮೇಲಕ್ಕೆ 14 ತಿರುವು. ಉಸಿರು ಒಂದು ಹದಕ್ಕೆ ಬರುತ್ತದೆ. ಗುಡ್ಡೇಕೇರಿ ಹತ್ತಿರದ ಕುಂದಾದ್ರಿ ಬೆಟ್ಟ ಹಾಗಲ್ಲ. ತುದಿಯ ಜೈನ ಬಸದಿವರೆಗೂ ರಸ್ತೆ ಇದೆ, ಆದರೆ ಕಡಿದಾದ ಏರು, ಸುಧಾರಿಸಿಕೊಳ್ಳಲು ಬಿಡುವುದಿಲ್ಲ.

ಗೇರನ್ನು ಏರು ಶುರುವಾಗುವ ಮೊದಲೇ ಇಳಿಸಿ. ಚೈನ್ ಮುಂದೆ ಚಿಕ್ಕ ಹಲ್ಲುಚಕ್ರದ ಮೇಲೆ, ಹಿಂದೆ ದೊಡ್ಡದರ ಮೇಲೆ ಇರಲಿ. ಮೈಭಾರ ಹಾಕಿ ತುಳಿಯುವಾಗ ಬದಲಿಸಿದರೆ ಚೈನ್ ಕಟಕಟ ಅಂದು ಕಳಚುತ್ತದೆ. ಆಮೇಲೆ ಆ ಏರಿನಲ್ಲಿ ಮತ್ತೆ ಹತ್ತಿ ಹೊರಡುವುದಿದೆಯಲ್ಲ, ಅದು ಬೇಡವೇ ಬೇಡ. ಮುಂದಿನ ಚಕ್ರ ಹಗುರಾಗಿ ಮೇಲೇಳುತ್ತಿದ್ದರೆ ಸೀಟಿನ ಮುಂತುದಿಗೆ ಜಾರಿ, ಮೊಣಕೈ ಬಗ್ಗಿಸಿ ಎದೆ ತಗ್ಗಿಸಿ. ಪಾಚಿ ಕಟ್ಟಿದ ಕಡೆ ಎದ್ದುನಿಂತು ತುಳಿಯಬೇಡಿ. ಹಿಂದಿನ ಟೈರು ಸುಮ್ನೆ ಅಲ್ಲೇ ತಿರುಗುತ್ತದೆ. ತಿರುವಿನ ಒಳಮಗ್ಗುಲೇ ಜಾಸ್ತಿ ಕಡಿದಾಗಿರುತ್ತದೆ, ಎದುರಿಗೆ ವಾಹನ ಇಲ್ಲದಿದ್ದರೆ ಸ್ವಲ್ಪ ಹೊರಗಿನಿಂದ ಬಳಸಿ.

ನನ್ನ ಪ್ರಕಾರ ಇಳಿಯುವುದೇ ಕಷ್ಟ. ಎರಡೂ ಬ್ರೇಕ್ ಒಟ್ಟಿಗೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು. ಚಕ್ರದ ಅಂಚನ್ನು ಒತ್ತಿ ಹಿಡಿಯುವ ರಿಮ್ ಬ್ರೇಕ್ ಇದ್ದು ಮಳೆ ಬಂದಿದ್ದರೆ, ನೀರು ಒರೆಸಿಹೋಗುವವರೆಗೆ ಅದು ಸರಿಯಾಗಿ ಹಿಡಿಯುವುದಿಲ್ಲ. ತಿರುವಿಗೆ ಬಹಳ ಮೊದಲೇ ಒತ್ತಿ.

ಮಣ್ಣುದಾರಿ ಬೇಕೆಂದರೆ ಕೊಡಚಾದ್ರಿಯ ಜೀಪ್ ದಾರಿ ಇದೆ. ಬೆಟ್ಟ 1,343 ಮೀಟರ್, ದಾರಿ ತುಂಬ ಉರುಳುಗಲ್ಲು. ದಪ್ಪ ಟೈರು ಹಾಕಿ, ಗಾಳಿ ಸ್ವಲ್ಪ ಕಮ್ಮಿ ಇರಲಿ. ಹೊರಡುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತವೆ, ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇರಲಿ.