ಹೋದವರ ಹೆಸರಿನಲ್ಲಿ ಒಂದು ಎಲೆ

ಸೆಪ್ಟೆಂಬರ್ 8ರಂದು, ಕನ್ಯಾ ಮರಿಯಮ್ಮನವರ ಜನ್ಮದಿನದಂದು, ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಾದ ನಾವು ಮೊಂತಿ ಫೆಸ್ತ್ ಆಚರಿಸುತ್ತೇವೆ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿ ಊಟ ಮಾಡುತ್ತೇವೆ. ಸುತ್ತಲಿನ ತುಳುವರ ಮನೆಗಳಲ್ಲಿಯೂ ಹೊಸ ಅಕ್ಕಿ ಊಟ ಉಂಟು. ದೀಕ್ಷಾಸ್ನಾನ ಪಡೆದ ನಮ್ಮ ಹಿರಿಯರು ಗದ್ದೆಯ ಋಣವನ್ನು ಬಿಟ್ಟುಬಂದವರಲ್ಲ.

ನನ್ನ ಅಜ್ಜಿ ಆ ದಿನ ಒಂದು ಎಲೆಯನ್ನು ಹೆಚ್ಚಿಗೆ ಹಾಕಿ, ‘ಹೋದವರಿಗೆ’ ಎನ್ನುತ್ತಿದ್ದರು. ಅದು ಮೂಢನಂಬಿಕೆಯೆಂದು ಪ್ರವಚನವೊಂದರಲ್ಲಿ ಕೇಳಿದ ಮೇಲೆ ಅಮ್ಮ ಆ ಎಲೆಯನ್ನು ನಿಲ್ಲಿಸಿದರು. ಅಪ್ಪ ತೀರಿಕೊಂಡು ಮನೆಯ ಹಿರಿತನ ನನ್ನ ಪಾಲಿಗೆ ಬಂದ ವರ್ಷ, ಇಲ್ಲದ ಆ ಎಲೆ ನನ್ನನ್ನು ಬಹಳವಾಗಿ ಕಾಡಿತು.

ಅಮ್ಮನ ಅಂಜಿಕೆಗೆ ಹಳೆಯ ಬೇರುಗಳಿವೆಯೆಂಬುದು ಓದುತ್ತಾ ಹೋದಂತೆ ತಿಳಿಯಿತು. ನಮ್ಮ ಪೂರ್ವಜರು ಬಿಟ್ಟುಬಂದ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮಸಭೆಯ ವಿಚಾರಣಾ ನ್ಯಾಯಾಲಯವು 1736ರ ಆಜ್ಞೆಯ ಮೂಲಕ ಮದುವೆಮನೆಯ ಅರಿಶಿನದಂಥ ಆಚಾರಗಳನ್ನೂ ನಿಷೇಧಿಸಿತ್ತು. ಆದರೆ ಅದೇ ಧರ್ಮಸಭೆ 1939ರಲ್ಲಿ, ಚೀನಾದ ಕ್ರೈಸ್ತರು ಪೂರ್ವಜರ ಚಿತ್ರದ ಮುಂದೆ ತಲೆಬಾಗುವುದು ಆರಾಧನೆಯಲ್ಲ, ಗೌರವವೆಂದು ಒಪ್ಪಿಕೊಂಡಿತು. ಒಂದು ಜನಾಂಗದ ಬಾಳ್ವೆಯಲ್ಲಿ ಮೂಢನಂಬಿಕೆಗೆ ಬಿಡಿಸಲಾಗದಂತೆ ಹೆಣೆದುಕೊಂಡಿರದ ಯಾವುದನ್ನೂ ಸಹಾನುಭೂತಿಯಿಂದ ನೋಡಬೇಕೆಂದು ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾವಿಧಿಯ ದಸ್ತಾವೇಜು ಹೇಳುತ್ತದೆ.

ಆದರೂ ಮನಸ್ಸು ಒಪ್ಪದೆ, ಪರಿಚಯದ ಹಿರಿಯ ಫಾದರ್ ಒಬ್ಬರ ಬಳಿಗೆ ಹೋದೆ. ಅವರು ಕೇಳಿದ್ದು ಇಷ್ಟೇ: ‘ಪುತಾ, ನೀನು ಹೋದವರಿಗೆ ಬಡಿಸುತ್ತೀಯೋ, ಹೋದವರ ಹೆಸರಿನಲ್ಲಿ ಬಡಿಸುತ್ತೀಯೋ?’ ಸತ್ತವರು ಬಂದು ಉಣ್ಣುತ್ತಾರೆ, ಉಣ್ಣದಿದ್ದರೆ ಮುನಿಯುತ್ತಾರೆ ಎಂಬ ಭಯ ನಮ್ಮ ವಿಶ್ವಾಸಕ್ಕೆ ಸಲ್ಲದು. ಅವರ ಆತ್ಮಗಳಿಗಾಗಿ ಪ್ರಾರ್ಥಿಸುವುದು, ಅವರ ನೆನಪಿನಲ್ಲಿ ಹಸಿದವರಿಗೆ ಉಣಿಸುವುದು ಮೃತರ ಸ್ಮರಣೆಯ ದಿನವಾದ ನವೆಂಬರ್ 2ರ ಬಲಿಪೂಜೆಯಷ್ಟೇ ನಮ್ಮದು. ಕೂದಲೆಳೆಯಷ್ಟು ತೆಳುವಾದ ಈ ವ್ಯತ್ಯಾಸದ ಮೇಲೆಯೇ ನಾನು ಇಂದಿಗೂ ನಿಂತಿದ್ದೇನೆ.

ಆ ವರ್ಷ ಶಿಲುಬೆಯ ಮುಂದೆ ಮೇಣದಬತ್ತಿ ಹಚ್ಚಿ, ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ ಮುಗಿಸಿ, ನೆನಪಿದ್ದಷ್ಟು ತಲೆಮಾರಿನ ಹಿರಿಯರ ಹೆಸರುಗಳನ್ನು ಹೇಳಿ, ಅವರಿಗೆ ನಿತ್ಯ ವಿಶ್ರಾಂತಿಯನ್ನು ಕೋರಿದೆವು. ಏಳು ಕಾಳುಗಳ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ ತೆಂಗಿನ ಹಾಲಿಗೆ ಹಾಕಿದೆ. ಹಸಿ ಕಾಳಿನೊಳಗಿನ ಬಿಳಿ ರಸ ಬೆರಳಿಗೆ ಅಂಟಿತು. ಎಲ್ಲರಿಗಿಂತ ಮೊದಲು ಒಂದು ಎಲೆ ಹಾಕಿ, ನಮ್ಮ ಗದ್ದೆಯಲ್ಲಿ ನೇಜಿ ನೆಟ್ಟ ಹಿರಿಯಾಕೆಯನ್ನು ಅದರ ಮುಂದೆ ಕೂರಿಸಿದೆವು. ಅಜ್ಜಿಯ ಕಾಲದಲ್ಲಿ ಆ ಎಲೆಯ ಮುಂದೆ ಯಾರೂ ಕೂರುತ್ತಿರಲಿಲ್ಲ. ನಾನು ಬದಲಾಯಿಸಿದ್ದು ಅದೊಂದನ್ನೇ.

ಅಮ್ಮ ಅಲ್ಲಿಯವರೆಗೆ ಒಳಗೇ ಇದ್ದರು. ಅಪ್ಪನಿಗೆ ಇಷ್ಟವಾಗಿದ್ದ ಕೆಸುವಿನ ದಂಟಿನ ಪದಾರ್ಥವನ್ನು ಸೌಟಿನಲ್ಲಿ ತಂದು, ಆ ಎಲೆಗೆ ತಾವೇ ಬಡಿಸಿದರು.