ಪೀಟಿ ಪೀರಿಯಡ್‌ನಲ್ಲಿ ಕಟ್ಟೆ ಮೇಲೆ ಕೂರುವ ಮಕ್ಕಳಿಗಾಗಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಪೀಟಿ ಮಾಸ್ಟ್ರುಗಳಿಗೆ, ಟೀಚರ್‌ಗಳಿಗೆ ಒಂದು ಸಣ್ಣ ಸಲಹೆ. ಕಬಡ್ಡಿಗೆ ಒಂದು ತಂಡದಲ್ಲಿ 7 ಜನ. 42 ಮಕ್ಕಳ ಕ್ಲಾಸಲ್ಲಿ 14 ಮಂದಿ ಆಡಿದರೆ ಉಳಿದ 28 ಮಂದಿ ಕಟ್ಟೆ ಮೇಲೆ ಕೂತು ಹರಟೆ ಹೊಡೀತಾರೆ, ಅಲ್ವಾ? ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು.

ಈಗ ಸುಣ್ಣದ ಪುಡಿಯಲ್ಲಿ 6 ಸಣ್ಣ ಚೌಕ ಎಳೆಯುತ್ತೇನೆ. ಒಂದೊಂದರಲ್ಲಿ 7 ಮಕ್ಕಳು: ಒಬ್ಬ ರೈಡರ್, ನಾಲ್ವರು ಎದುರಾಳಿಗಳು, ಒಬ್ಬಳು ಗೆರೆ ನೋಡುವವಳು, ಇನ್ನೊಬ್ಬ ಜೋರಾಗಿ 30ರವರೆಗೆ ಎಣಿಸುವವನು, ಯಾಕೆಂದರೆ ರೈಡ್‌ಗೆ ಇರುವುದೇ 30 ಸೆಕೆಂಡು. ಎಣಿಕೆ ಮುಗಿದ ಕೂಡಲೇ ಜಾಗ ಬದಲು. ಗಲಾಟೆ ಜಾಸ್ತಿ ಆಗುತ್ತದೆ, ಪಕ್ಕದ ಕ್ಲಾಸಿನವರು ಕಿಟಕಿಯಿಂದ ಇಣುಕುತ್ತಾರೆ, ಇರಲಿ ಬಿಡಿ.

ಮೊದಲ ವಾರ ಬರೀ ಮುಟ್ಟಾಟ, ಹಿಡಿಯುವುದು ಬೇಡ. ನಮ್ಮ ಮುರಕಲ್ಲಿನ ನೆಲದಲ್ಲಿ ಬಿದ್ದರೆ ಮೊಣಕಾಲು ತರಚಿ ಹೋಗುತ್ತದೆ, ಮಳೆಗಾಲದಲ್ಲಿ ಪಾಚಿ ಬೇರೆ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಮಾತು. "ಸರಿಯಾಗಿ ಆಡು" ಅಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ, "ಮೊಣಕಾಲು ಬಗ್ಗಿಸು" ಅಂದರೆ ತಕ್ಷಣ ಬಗ್ಗಿಸುತ್ತದೆ. ಮನೆಯಲ್ಲಿ ತುಳು, ಮಲಯಾಳ ಮಾತಾಡುವ ಮಕ್ಕಳೂ ಇರುತ್ತಾರಲ್ಲ, ಸುಮ್ನೆ ಉದ್ದ ವಿವರಿಸುವ ಬದಲು ಮಾಡಿ ತೋರಿಸಿ. ಓಡಲಾಗದ ಮಗುವಿಗೆ ಸೀಟಿ ಕೊಡಿ, ಆದರೆ ಪ್ರತಿ ಸಲ ಅದೇ ಮಗುವಿಗೆ ಬೇಡ.