ಕುತುಬ್ ಮಿನಾರ್ ನೋಡೋದು ಹೇಗೆ? ಮೊದ್ಲು ಕತ್ತು ಕೆಳಗಿಳಿಸಿ

ದಿಲ್ಲಿಗೆ ಹೋದೋರು ಕುತುಬ್ ಮಿನಾರ್‌ಗೆ ಹೋಗೇ ಹೋಗ್ತಾರೆ, ಮಿನಾರಿನ ತುದಿನ ಎರಡು ಬೆರಳಲ್ಲಿ ಚಿವುಟಿ ಹಿಡ್ಕೊಂಡ ಹಾಗೆ ಒಂದು ಫೋಟೋ ತೆಗೆಸ್ಕೊಂಡು ಅರ್ಧ ಗಂಟೆಲಿ ಹೊರಗ್ ಬಂದು "ಇಷ್ಟೇನಾ" ಅಂತಾರೆ. ಮೊದಲ ಸಲ ನಾನೂ ಹಾಗೇ ಬಂದಿದ್ದೆ. ಎರಡನೇ ಸಲ ಹೋದಾಗ ಗೊತ್ತಾಯ್ತು, ಇಲ್ಲಿ ಮಿನಾರ್‌ಗಿಂತ ಮಜಾ ಇರೋದು ಕಮಾನುಗಳಲ್ಲಿ, ಅವನ್ನ ಒಂದು ಕ್ರಮದಲ್ಲಿ ನೋಡ್ಕೊಂಡ್ ಹೋದ್ರೆ ನೂರು ವರ್ಷದಲ್ಲಿ ಕಲ್ಲುಕುಟಿಗರು ಏನೇನು ಕಲಿತ್ರು ಅನ್ನೋದು ಕಣ್ಣೆದುರೇ ಕಾಣುತ್ತೆ. ಅರ್ಧ ದಿನ ಇಟ್ಕೊಳ್ಳಿ, ಸಾಕು.

ಹೋಗೋದು

ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಮೇ ತಿಂಗಳಲ್ಲಿ ಹೋದ್ರೆ ಕಲ್ಲು ಕಾದ ಹಂಚಾಗಿರುತ್ತೆ, ಡಿಸೆಂಬರ್ ಕೊನೆ ಜನವರಿಲಿ ಬೆಳಗ್ಗೆ ಮಂಜು ಜಾಸ್ತಿಯಿದ್ರೆ ಮಿನಾರೇ ಕಾಣಲ್ಲ. ನ್ಯೂ ಡೆಲ್ಲಿ ಸ್ಟೇಷನ್‌ನಲ್ಲಿ ಇಳಿದ್ರೆ ಮೆಟ್ರೋ ಯೆಲ್ಲೋ ಲೈನ್ ನೇರ ಸಿಗುತ್ತೆ, ಗುರುಗ್ರಾಮದ ಕಡೆ ಹೋಗೋ ಟ್ರೈನ್ ಹತ್ತಿ. ಇಲ್ಲೊಂದು ಎಚ್ಚರಿಕೆ: ಸ್ಟೇಷನ್ ಹೆಸರು ಕುತುಬ್ ಮಿನಾರ್ ಅಂತಿದೆ ನಿಜ, ಆದ್ರೆ ಮಿನಾರ್ ಅದರ ಪಕ್ಕದಲ್ಲಿಲ್ಲ, ಒಂದೂವರೆ ಕಿಲೋಮೀಟರ್ ಮೇಲೇ ಇದೆ. ನಾನು ಹೆಸರು ನಂಬ್ಕೊಂಡು ಬಿಸಿಲಲ್ಲಿ ನಡೆದು ಗೇಟ್ ಹತ್ರ ಬರೋಷ್ಟರಲ್ಲಿ ನೀರಿನ ಬಾಟ್ಲಿ ಖಾಲಿ. ಸುಮ್ನೆ ಆಟೋ ಹಿಡೀರಿ, ರೇಟ್ ಹತ್ತೋಕ್ ಮುಂಚೆನೇ ಮಾತಾಡ್ಕೊಳ್ಳಿ. ಟಿಕೆಟ್ ಮೊಬೈಲಲ್ಲೇ ತಗೊಂಡ್ರೆ ಕ್ಯೂ ತಪ್ಪುತ್ತೆ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಒಳಗೆ ಹೋದ್ಮೇಲೆ

ಮಿನಾರ್ ಎಲ್ಲೂ ಓಡಿ ಹೋಗಲ್ಲ, ಮೊದ್ಲು ಮಸೀದಿಯ ಅಂಗಳಕ್ಕೆ ಹೋಗಿ. ಕುತ್ಬುದ್ದೀನ್ ಐಬಕ್ ಕಾಲದಲ್ಲಿ, 1190ರ ದಶಕದಲ್ಲಿ ಶುರುವಾದ ಕುವ್ವತುಲ್ ಇಸ್ಲಾಂ ಮಸೀದಿ ಇದು. 27 ದೇವಸ್ಥಾನಗಳ ಸಾಮಗ್ರಿ ಬಳಸಿದ್ದೀವಿ ಅಂತ ಪೂರ್ವದ ಬಾಗಿಲ ಮೇಲಿನ ಪರ್ಷಿಯನ್ ಶಾಸನದಲ್ಲೇ ಬರ್ಕೊಂಡಿದ್ದಾರೆ. ಕಂಬಗಳ ಹತ್ರ ಹೋಗಿ ನಿಂತ್ಕೊಳ್ಳಿ. ಸರಪಳಿಲಿ ತೂಗೋ ಗಂಟೆ, ಕೀರ್ತಿಮುಖ, ಮುಖ ಕೆತ್ತಿ ಹಾಕಿರೋ ಬೊಂಬೆಗಳು, ಎಲ್ಲಾ ಕಾಣುತ್ತೆ. ಒಂದು ಕಂಬದ ಎತ್ತರ ಸಾಲದೆ ಒಂದರ ಮೇಲೊಂದು ಇಟ್ಟಿರೋ ಸಂದೂ ಕಾಣುತ್ತೆ.

ಅಲ್ಲೇ ಎದುರಿಗೆ ದೊಡ್ಡ ಕಮಾನುಗಳ ಗೋಡೆ ಇದೆ. ಕಮಾನಿನ ಕಲ್ಲುಗಳ ಸಂದು ಹೇಗೆ ಹೋಗಿದೆ ನೋಡಿ. ಅಡ್ಡಡ್ಡಕ್ಕೆ, ಮಟ್ಟಸವಾಗಿ ಇದೆಯಲ್ವಾ? ಅಂದ್ರೆ ಇದು ಅಸಲಿ ಕಮಾನಲ್ಲ. ಒಂದು ಕಲ್ಲಿನ ಮೇಲೆ ಇನ್ನೊಂದನ್ನ ಸ್ವಲ್ಪ ಸ್ವಲ್ಪ ಒಳಗೆ ಚಾಚಿ ಚಾಚಿ ಇಟ್ಟು ಮೇಲೆ ಕೂಡಿಸಿ, ಆಮೇಲೆ ಕಮಾನಿನ ಆಕಾರಕ್ಕೆ ಕೆತ್ತಿದ್ದಾರೆ. ನಮ್ಮ ಗುಡಿಗಳ ಭುವನೇಶ್ವರಿ, ಅಂದ್ರೆ ಕೆತ್ತನೆಯ ಚಾವಣಿ, ಕಟ್ಟೋದೂ ಇದೇ ಲೆಕ್ಕದಲ್ಲಿ. ಸುಲ್ತಾನ ಕಮಾನು ಬೇಕು ಅಂದ, ಇಲ್ಲಿನ ಕುಶಲಕರ್ಮಿಗಳು ತಮಗೆ ಗೊತ್ತಿದ್ದ ದಾರಿಲೇ ಕಟ್ಕೊಟ್ರು. ಈ ಸಂದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಅಂಗಳದ ಮಧ್ಯೆ ಕಬ್ಬಿಣದ ಕಂಬ. ಏಳು ಮೀಟರ್ ಚಿಲ್ರೆ ಉದ್ದ, ಆರು ಟನ್ ಮೇಲೆ ತೂಕ. ಮೇಲಿರೋ ಬ್ರಾಹ್ಮಿ ಶಾಸನದಲ್ಲಿ "ಚಂದ್ರ" ಅನ್ನೋ ರಾಜನ ಹೆಸರಿದೆ, ಗುಪ್ತರ ಎರಡನೇ ಚಂದ್ರಗುಪ್ತ ಅಂತ ಗುರುತಿಸ್ತಾರೆ, ಅಂದ್ರೆ ಸುತ್ತಲ ಮಸೀದಿಗಿಂತ ಏಳ್ನೂರು ಎಂಟ್ನೂರು ವರ್ಷ ಹಳೇದು. ತುಕ್ಕು ಹಿಡಿಯದೇ ಇರೋದಕ್ಕೆ ಮಂತ್ರ ಗಿಂತ್ರ ಏನಿಲ್ಲ, ಆ ಕಬ್ಬಿಣದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ ಇರೋದ್ರಿಂದ ಮೇಲೊಂದು ತೆಳು ಪದರ ಕೂತು ಕಾಪಾಡ್ತಿದೆ. ಮುಂಚೆ ಜನ ಕಂಬಕ್ಕೆ ಬೆನ್ನು ಕೊಟ್ಟು ಕೈ ಹಿಂದೆ ಸುತ್ತಿ ಅದೃಷ್ಟ ನೋಡ್ಕೊಳ್ತಿದ್ರು, ಉಜ್ಜಿ ಉಜ್ಜಿ ಕೆಳಭಾಗ ಫಳಫಳ ಅಂತಿತ್ತು, 1997ರಲ್ಲಿ ಬೇಲಿ ಹಾಕಿದ್ರು.

ಈಗ ಮಿನಾರ್

72.5 ಮೀಟರ್ ಎತ್ತರ, ಐದು ಅಂತಸ್ತು, ಒಳಗೆ 379 ಮೆಟ್ಟಿಲು. ಹತ್ತೋಕೆ ಬಿಡಲ್ಲ, ಕೇಳೋದೂ ಬೇಡ. 1981ರ ಡಿಸೆಂಬರ್‌ನಲ್ಲಿ ಒಳಗೆ ಕರೆಂಟ್ ಹೋಗಿ ನೂಕುನುಗ್ಗಲಾಗಿ 45 ಜನ ಸತ್ತೋದ್ರು, ಅವರಲ್ಲಿ ಶಾಲೆ ಮಕ್ಕಳೇ ಜಾಸ್ತಿ. ಅವತ್ತಿಂದ ಬಾಗಿಲು ಬಂದ್.

ಕೆಳಗಿಂದಲೇ ಅಂತಸ್ತುಗಳನ್ನ ಎಣಿಸ್ತಾ ಹೋಗಿ. ಮೊದಲನೇದರಲ್ಲಿ ಒಂದು ಉರುಟು ಪಟ್ಟೆ, ಒಂದು ಚೂಪು ಪಟ್ಟೆ, ಹೀಗೇ ಸುತ್ತ ಬರುತ್ತೆ. ಎರಡನೇದರಲ್ಲಿ ಬರೀ ಉರುಟು, ಮೂರನೇದರಲ್ಲಿ ಬರೀ ಚೂಪು. ಅದರ ಮೇಲೆ ಅಮೃತಶಿಲೆ ಬಂದು ಬಣ್ಣವೇ ಬದಲಾಗುತ್ತೆ, ಯಾಕಂದ್ರೆ ಐಬಕ್ ಶುರು ಮಾಡಿದ್ದನ್ನ ಇಲ್ತಮಶ್ ಮೇಲಕ್ಕೆ ಕಟ್ಟಿಸಿದ, 1368ರಲ್ಲಿ ಸಿಡಿಲು ಬಡಿದು ತುದಿ ಹಾಳಾದ್ಮೇಲೆ ಫಿರೋಜ್ ಶಾ ತುಘಲಕ್ ರಿಪೇರಿ ಮಾಡಿಸಿ ಮೇಲ್ಭಾಗ ಹೊಸದಾಗಿ ಕಟ್ಟಿಸಿದ. 1803ರ ಭೂಕಂಪದಲ್ಲಿ ಮತ್ತೆ ಪೆಟ್ಟು ಬಿತ್ತು. ಆಮೇಲೆ 1828ರಲ್ಲಿ ಮೇಜರ್ ಸ್ಮಿತ್ ಅನ್ನೋ ಇಂಗ್ಲಿಷ್ ಇಂಜಿನಿಯರು ರಿಪೇರಿ ಜೊತೆಗೆ ತಲೆ ಮೇಲೊಂದು ಛತ್ರಿ ಮಂಟಪಾನೂ ಕೂರಿಸಿದ, ಚೆನ್ನಾಗಿ ಕಾಣಲ್ಲ ಅಂತ 1848ರಲ್ಲಿ ಇಳಿಸಿಬಿಟ್ರು. ಪಾಪ, ಅದು ಈಗ್ಲೂ ಅಲ್ಲೇ ಹುಲ್ಲುಹಾಸಿನ ಮೇಲೆ ಕೂತಿದೆ, ಹುಡುಕಿ ನೋಡಿ.

ಮಿನಾರ್ ಪಕ್ಕದಲ್ಲೇ ಅಲಾಯಿ ದರ್ವಾಜಾ, 1311ರದ್ದು. ಇಲ್ಲಿ ಕಮಾನಿನ ಸಂದು ನೋಡಿ: ಕಲ್ಲುಗಳು ಬೆಣೆ ತರ, ಬೀಸಣಿಗೆ ಬಿಚ್ಚಿದ ಹಾಗೆ ಕೂತಿವೆ. ಇದು ಅಸಲಿ ಕಮಾನು. ಅಂಚಿನಲ್ಲಿ ಸಾಲಾಗಿ ತಾವರೆ ಮೊಗ್ಗು. ಕಟ್ಟಿಸಿದ್ದು ಅಲಾವುದ್ದೀನ್ ಖಿಲ್ಜಿ, ಅದೇ 1311ರಲ್ಲೇ ಅವನ ಸೇನಾಪತಿ ಮಲಿಕ್ ಕಾಫೂರ್ ನಮ್ಮ ದ್ವಾರಸಮುದ್ರದ ಮೇಲೆ, ಅಂದ್ರೆ ಈಗಿನ ಹಳೇಬೀಡಿನ ಮೇಲೆ ದಂಡೆತ್ತಿ ಬಂದಿದ್ದು. ಆ ಬಾಗಿಲಲ್ಲಿ ನಿಂತಾಗ ನನಗಂತೂ ಹಳೇಬೀಡು ನೆನಪಾಗದೇ ಇರ್ಲಿಲ್ಲ. ಉತ್ತರಕ್ಕೆ ಅವನದ್ದೇ ಅಲಾಯಿ ಮಿನಾರ್ ಇದೆ, ಕುತುಬ್‌ಗಿಂತ ದುಪ್ಪಟ್ಟು ಎತ್ತರ ಮಾಡ್ಬೇಕು ಅಂತಿದ್ದ, 1316ರಲ್ಲಿ ಅವನೇ ಹೋದ. ಸುಮಾರು 25 ಮೀಟರಿಗೆ ನಿಂತ ಮೋಟು ಕಲ್ಲುಗುಡ್ಡೆ ಅದು, ಎರಡು ನಿಮಿಷ ಸಾಕು.

ಹೊರಗೆ ಬಂದು ಮನೆಗೆ ಹೋಗ್ಬೇಡಿ

ಸ್ವಲ್ಪ ದೂರದಲ್ಲೇ ಮೆಹ್ರೌಲಿ ಪುರಾತತ್ವ ಪಾರ್ಕ್, ಟಿಕೆಟ್ ಇಲ್ಲ, ಜನಾನೂ ಇಲ್ಲ. ನೇರ ಸುಲ್ತಾನ ಬಲ್ಬನ್‌ನ ಗೋರಿಗೆ ಹೋಗಿ. ಸುಮಾರು 1287ರದ್ದು, ಸೂರು ಬಿದ್ದೋಗಿ ಪಾಳು ಸುರಿತಾ ಇದೆ, ಆದ್ರೆ ದೇಶದಲ್ಲಿ ಉಳಿದಿರೋ ಮೊದಲ ಅಸಲಿ ಕಮಾನು ಇದೇ ಅಂತ ಹೇಳ್ತಾರೆ. ಮಸೀದಿಯ ಅಡ್ಡ ಸಂದಿಗೂ ಅಲಾಯಿ ದರ್ವಾಜಾದ ಬೀಸಣಿಗೆಗೂ ನಡುವಿನ ಕೊಂಡಿ ಇದು, ಇದನ್ನ ನೋಡದೆ ಬಂದ್ರೆ ಕಥೆ ಅರ್ಧ. ಹತ್ರದಲ್ಲೇ ಸೂಫಿ ಕವಿ ಜಮಾಲಿ ಮತ್ತೆ ಕಮಾಲಿ ಅನ್ನೋರ ಗೋರಿ, ಬೀಗ ಹಾಕಿದ್ರೆ ಕಾವಲುಗಾರರನ್ನ ಮರ್ಯಾದೆಯಿಂದ "ಭಾಯಿಸಾಬ್" ಅಂತ ಕೇಳಿ ನೋಡಿ, ಒಳಗಿನ ಚಾವಣಿಯ ನೀಲಿ ಕೆಂಪು ಬಣ್ಣದ ಗಾರೆ ಕೆಲಸ ನೋಡ್ಲೇಬೇಕು. ಆಮೇಲೆ ರಾಜೋಂ ಕಿ ಬಾವ್ಲಿ, 1506ರ ಮೆಟ್ಟಿಲುಬಾವಿ, ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತ್ಕೊಳ್ಳಿ, ಕಾಲಿಗೂ ರೆಸ್ಟ್ ಆಗುತ್ತೆ.

ಅಲ್ಲಿಂದ ಮೆಹ್ರೌಲಿ ಊರೊಳಗೆ ನಡೀರಿ. ಸೂಫಿ ಸಂತ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ ದರ್ಗಾಕ್ಕೆ ಹೋಗೋರು ತಲೆ ಮುಚ್ಕೊಳ್ಳೋಕೆ ಬಟ್ಟೆ ಇಟ್ಕೊಂಡಿರಿ. ಈ ದರ್ಗಾಕ್ಕೂ ಹತ್ರದ ಯೋಗಮಾಯಾ ಗುಡಿಗೂ ಹೂವಿನ ಬೀಸಣಿಗೆ ಕೊಡೋ "ಫೂಲ್‌ವಾಲೋಂ ಕಿ ಸೈರ್" ಹಬ್ಬ ಮಳೆಗಾಲ ಮುಗಿದ್ಮೇಲೆ ನಡೆಯುತ್ತೆ. 1942ರಲ್ಲಿ ಬ್ರಿಟಿಷರು ನಿಲ್ಲಿಸಿದ್ರು, 60ರ ದಶಕದಲ್ಲಿ ನೆಹರೂ ಮತ್ತೆ ಶುರು ಮಾಡಿಸಿದ್ರು.

ದರ್ಗಾಕ್ಕೆ ಅಂಟ್ಕೊಂಡೇ ಜಫರ್ ಮಹಲ್ ಇದೆ, ಸಂಜೆಗೆ ಮುಚ್ತಾರೆ, ಹೊತ್ತು ನೋಡ್ಕೊಳ್ಳಿ. ಪಕ್ಕದ ಸಣ್ಣ ಅಂಗಳದಲ್ಲಿ ಮೊಘಲರ ಗೋರಿಗಳ ನಡುವೆ ಒಂದು ಜಾಗ ಖಾಲಿ. ಕೊನೆಯ ಬಾದಶಾ ಬಹಾದೂರ್ ಶಾ ಜಫರ್ ತನಗೆ ಅಂತ ಇಟ್ಕೊಂಡಿದ್ದ ಆರಡಿ ಅದು, 1862ರಲ್ಲಿ ಅವನನ್ನ ಮಣ್ಣು ಮಾಡಿದ್ದು ರಂಗೂನ್‌ನಲ್ಲಿ. ಈ ಗಲ್ಲಿಗಳು ಇಕ್ಕಟ್ಟು, ಆಟೋ ಒಳಗೆ ಬರಲ್ಲ, ಮೆಹ್ರೌಲಿ ಬಸ್ ಟರ್ಮಿನಲ್ ತನಕ ನಡ್ಕೊಂಡು ಬನ್ನಿ, ಅಲ್ಲಿಂದ ಮೆಟ್ರೋಗೆ ಗಾಡಿ ಸಿಗುತ್ತೆ.